ತೊಂಬತ್ತು ಅಡಿ ಫಿಲ್ಮು

ಈ ವಾರ ಗಾಂಧಿನಗರದ ಸುದ್ದಿ ಇಲ್ಲ ಮಿತ್ರರೆ. ಯಾರ ಚಿತ್ರಕ್ಕೆ ಮುಹೂರ್ತ ಆಯಿತು, ಯಾರ ಚಿತ್ರ ಡಬ್ಬದಲ್ಲೇ ಕೊಳೆಯುತ್ತಿದೆ, ಯಾವ ನಾಯಕಿ ಯಾವ ನಿರ್ಮಾಪಕರ ಫೋನು ಎತ್ತುತ್ತಿಲ್ಲ... ಎಲ್ಲಾ ಮುಂದಿನ ವಾರಕ್ಕೆ. ಕಾರಣ, ಹೊಳೆನರಸೀಪುರದಿಂದ ಬಂದಿರುವ ಒಂದು ಕಾಗದ. ಬರೆದವರು ಹೆಸರು ಹಾಕಬೇಡಿ ಅಂದಿದ್ದಾರೆ. ‘ನಮ್ಮೂರ ಬಸ್ ಸ್ಟ್ಯಾಂಡಲ್ಲಿ ನಿಮ್ ಪತ್ರಿಕೆ ಎಲ್ರೂ ಓದ್ತಾರೆ ಸಾರ್, ಮಾನ ಹೋಗುತ್ತೆ’ ಅಂತ ಮೇಲುಗಡೆ ಎರಡು ಗೆರೆ ಎಳೆದು ಬರೆದಿದ್ದಾರೆ. ಸರಿ, ಹೆಸರು ಬೇಡ. ವಿಷಯ ಮಾತ್ರ ನೋಡಿ:

‘ಸಾರ್, ನಂಗೆ 26 ವರ್ಷ. ಹೊಟ್ಟೆ ಆಪರೇಷನ್ ಮಾಡಿಸ್ಕೊಂಡು ಏಳು ತಿಂಗಳಾಯ್ತು. 131 ಕೆ.ಜಿ. ಇದ್ದೋನು 104ಕ್ಕೆ ಬಂದಿದೀನಿ. ಈಗೀಗ ಬೆಳಿಗ್ಗೆ ಎದ್ರೆ ಓಡ್ಬೇಕು ಅನ್ಸುತ್ತೆ. ಚಿಕ್ಕೋನಾಗಿದ್ದಾಗಿಂದ್ಲೂ ಹಂಗೆ ಅನ್ಸಿದ್ದೇ ಇಲ್ಲ. ಆದ್ರೆ ಫ್ರೆಂಡ್ಸು, ಮೊದ್ಲು ಸಣ್ಣ ಆಗು, ಆಮೇಲೆ ಓಡು, ಈಗ ಓಡಿದ್ರೆ ರೋಡು ಕಿತ್ತೋಗುತ್ತೆ ಅಂತಾರೆ. ನೀವೂ ಆಪರೇಷನ್ ಮಾಡಿಸ್ಕೊಂಡೋರು ಅಂತ ದೀಪಾವಳಿ ಸಂಚಿಕೇಲಿ ಬರ್ದಿದ್ರಿ. ಹೇಳಿ ಸಾರ್, ಓಡಬಹುದಾ?’

ಉತ್ತರ ಒಂದೇ ಮಾತು. ಓಡಬಹುದು. ಡಾಕ್ಟರು ಹೂಂ ಅಂದ ಮೇಲೆ, ನಿಧಾನವಾಗಿ, ಈಗಲೇ. ‘ಮೊದಲು ಸಣ್ಣ ಆಗು, ಆಮೇಲೆ ಓಡು’ ಅನ್ನುವ ಮಾತಿಗೆ ಮಾತ್ರ ಕಿವಿ ಕೊಡಬೇಡಿ. ಆ ‘ಆಮೇಲೆ’ ಇದೆಯಲ್ಲ, ಅದು ನಮ್ಮ ಕೆಲವು ಚಿತ್ರಗಳ ಬಿಡುಗಡೆ ದಿನಾಂಕ ಇದ್ದ ಹಾಗೆ. ಪೋಸ್ಟರಿನಲ್ಲಿ ‘ಅತಿ ಶೀಘ್ರದಲ್ಲಿ’ ಅಂತ ಇರುತ್ತೆ. ಬಿಸಿಲಿಗೆ ಪೋಸ್ಟರಿನ ಬಣ್ಣ ಹೋಗುತ್ತೆ, ಅದರ ಮೇಲೆ ಇನ್ನೊಂದು ಪೋಸ್ಟರ್ ಬೀಳುತ್ತೆ, ಚಿತ್ರ ಮಾತ್ರ ಬರೋದಿಲ್ಲ!

ನಮ್ಮ ಸಿನಿಮಾದಲ್ಲಿ ದಪ್ಪಗಿರುವವನಿಗೆ ಓಟ ಅಂದರೆ ಏನು ಹೇಳಿ? ಹಿಂದಿನಿಂದ ನಾಯಿ ಬರಬೇಕು, ಇವನು ಓಡಬೇಕು, ಪಂಚೆ ಬಿಚ್ಚಬೇಕು, ಕೊನೆಗೆ ಹೋಗಿ ಸಗಣಿ ಗುಂಡಿಗೆ ಬೀಳಬೇಕು. ಗಾಂಧಿ ಕ್ಲಾಸಿನಿಂದ ಶಿಳ್ಳೆ! ನಾಯಕ ಓಡಿದರೆ ಸ್ಲೋ ಮೋಷನ್, ಹಿನ್ನೆಲೆಯಲ್ಲಿ ಪಿಟೀಲು. ದಪ್ಪಗಿರುವವನು ಓಡಿದರೆ ಫಾಸ್ಟ್ ಮೋಷನ್, ಹಿನ್ನೆಲೆಯಲ್ಲಿ ಪೀಪಿ. ಐವತ್ತು ವರ್ಷದಿಂದ ಇದನ್ನು ನೋಡಿ ನೋಡಿ ನಮ್ಮ ಹುಡುಗರ ತಲೆಯಲ್ಲಿ ಕೂತುಬಿಟ್ಟಿದೆ. ಮೈದಾನದಲ್ಲಿ ದಪ್ಪಗಿರುವವನು ಓಡಿದ ಕೂಡಲೇ ಅವರ ಕಿವಿಗೆ ಆ ಪೀಪಿ ಕೇಳಿಸುತ್ತೆ, ನಗು ಬರುತ್ತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಪೀಪಿ ಹಾಕಿದವರ ಮೇಲೆ ಇದೆ.

ಇನ್ನೊಂದು ಬಗೆಯ ಚಿತ್ರ ಇದೆ, ಅದು ಇನ್ನೂ ಮೋಸ. 1976ರ ‘ರಾಕಿ’ ನೋಡಿದ್ದೀರಲ್ಲ? ಮೊದಲು ಸಿಲ್ವೆಸ್ಟರ್ ಸ್ಟಲೋನ್ ಫಿಲಡೆಲ್ಫಿಯಾದ ಮ್ಯೂಸಿಯಂ ಮೆಟ್ಟಿಲು ಹತ್ತುವಷ್ಟರಲ್ಲಿ ಪಕ್ಕೆ ಹಿಡಿದುಕೊಳ್ಳುತ್ತಾನೆ. ಆಮೇಲೆ ಒಂದು ಹಾಡು. ಹಾಡು ಮುಗಿಯೋದರೊಳಗೆ ಅದೇ 72 ಮೆಟ್ಟಿಲು ಹತ್ತಿ ಎರಡು ಕೈ ಮೇಲೆತ್ತಿ ಕುಣಿಯುತ್ತಾನೆ. ಅಂದಿನಿಂದ ಜಗತ್ತಿನ ಎಲ್ಲ ಭಾಷೆಯಲ್ಲೂ ಇದೇ ವರಸೆ. ಒಂದು ಹಾಡು, ಎಂಟು ಕಟ್, ನಾಯಕ ತಯಾರು. ‘ದಂಗಲ್’ಗೆ ಆಮೀರ್ ಖಾನ್ ನಿಜವಾಗಿಯೂ ಮೈ ಬೆಳೆಸಿ ವಯಸ್ಸಾದ ಭಾಗವನ್ನು ಮೊದಲು ಮುಗಿಸಿದರು, ಆಮೇಲೆ ಇಳಿಸಿ ಯೌವನದ ಭಾಗ ಮಾಡಿದರು. ಶ್ರಮ ದೊಡ್ಡದೇ, ಒಪ್ಪೋಣ. ಆದರೆ 2016ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ನಮಗೆ ಕಂಡದ್ದು ಒಬ್ಬ ಸಣ್ಣ ಆಮೀರ್, ಒಬ್ಬ ದಪ್ಪ ಆಮೀರ್. ನಡುವಿನ ಆ ಮನುಷ್ಯ ಎಲ್ಲಿ ಹೋದ? ಇಪ್ಪತ್ತು ಕೆ.ಜಿ. ಇಳಿದಿದ್ದಾನೆ, ಇನ್ನೂ ದಪ್ಪಗೇ ಇದ್ದಾನೆ, ಹಳೇ ಪ್ಯಾಂಟು ಸೊಂಟದಲ್ಲಿ ನಿಲ್ಲೋದಿಲ್ಲ, ಹೊಸ ಪ್ಯಾಂಟು ಹೊಲಿಸೋಕೆ ಧೈರ್ಯ ಇಲ್ಲ. ಅವನಿಗೆ ಯಾವ ಚಿತ್ರದಲ್ಲೂ ಪಾತ್ರ ಇಲ್ಲ. ಎಡಿಟರ್ ಕತ್ತರಿ ಹಾಕಿ ಬಿಸಾಡಿದ ರೀಲು ಅವನದು.

ಹೊಳೆನರಸೀಪುರದ ಮಿತ್ರರೆ, ನೀವು ಈಗ ಆ ರೀಲಿನಲ್ಲಿದ್ದೀರಿ. ನಾನೂ ಅದೇ ರೀಲಿನಲ್ಲಿ ಇದ್ದೆ. ನಿಜ ಹೇಳಬೇಕೆಂದರೆ ಈಗಲೂ ಇದ್ದೇನೆ.

ಆಪರೇಷನ್ ವಿಷಯ ಎರಡು ಮಾತಿನಲ್ಲಿ ಹೇಳಿಬಿಡ್ತೀನಿ, ಯಾಕಂದ್ರೆ ಸುಮಾರು ಜನ ಇದನ್ನು ‘ಕೊಬ್ಬು ಹೀರೋ ಆಪರೇಷನ್’ ಜೊತೆ ಕಲಸಿಬಿಡ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಒಬ್ಬ ಹುಡುಗಿ, ಇಪ್ಪತ್ತೊಂದು ವರ್ಷ, ಕೊಬ್ಬು ತೆಗೆಸೋಕೆ ಹೋಗಿ ಪ್ರಾಣ ಕಳಕೊಂಡಳು. ಮೈ ತೋರಿಸಿ ಬದುಕಬೇಕಾದ ಈ ಬಣ್ಣದ ಲೋಕ ಅವಳಿಗೆ ಏನು ಹೇಳಿ ಅಲ್ಲಿಗೆ ಕಳಿಸಿತು ಅನ್ನೋದನ್ನು ಬರೆಯೋಕೆ ಇನ್ನೊಂದು ಅಂಕಣವೇ ಬೇಕು. ನಮ್ಮದು ಅದಲ್ಲ. ನನಗೆ ಮಾಡಿದ್ದು ಸ್ಲೀವ್ ಅಂತ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲಕ್ಕಿಂತ ಹೆಚ್ಚು ಭಾಗ ಕತ್ತರಿಸಿ ತೆಗೀತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಚೀಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ರಸ ಹೆಚ್ಚಾಗಿ ತಯಾರಾಗೋದು ಆ ತೆಗೆದ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಮಸಾಲೆ ದೋಸೆ ಹೋಟೆಲಿನ ಮುಂದೆ ಹಾದುಹೋದರೂ ಹೊಟ್ಟೆ ಮಾತಾಡೋದಿಲ್ಲ. ನನ್ನಂಥವನಿಗೆ ಅದು ಪವಾಡ!

ಆದರೆ ಲೆಕ್ಕ ಕೇಳಿ. ನನ್ನ ಎತ್ತರ 5 ಅಡಿ 7 ಅಂಗುಲ. 2023ರ ಫೆಬ್ರವರಿಯಲ್ಲಿ ಮೇಜಿನ ಮೇಲೆ ಮಲಗಿದಾಗ 138 ಕೆ.ಜಿ. ಈ ಎತ್ತರಕ್ಕೆ ಇರಬೇಕಾದ್ದು ಸುಮಾರು 66. ಅಂದರೆ ಹೆಚ್ಚಿಗೆ ಹೊತ್ತಿದ್ದು 72. ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಇಳಿಯೋದು ಆ ‘ಹೆಚ್ಚಿಗೆ’ ಇರುವುದರ ಅರ್ಧದಿಂದ ಮೂರರಲ್ಲಿ ಎರಡು ಪಾಲು. ಅದೂ ಮೊದಲ ಒಂದು, ಒಂದೂವರೆ ವರ್ಷದಲ್ಲಿ. ಆಮೇಲೆ ಬಂಡಿ ನಿಲ್ಲುತ್ತೆ. ಸ್ವಲ್ಪ ಹಿಂದಕ್ಕೂ ಉರುಳಬಹುದು. ನಾನು 93ಕ್ಕೆ ಬಂದು ನಿಂತೆ, ಈಗ 95. ಡಾಕ್ಟರ ಪ್ರಕಾರ ಇದು ಒಳ್ಳೇ ಫಲಿತಾಂಶ. ಮದುವೆ ಮನೆಯಲ್ಲಿ ಹೊಸದಾಗಿ ನೋಡಿದವರ ಪ್ರಕಾರ ನಾನೊಬ್ಬ ದಪ್ಪ ಆಸಾಮಿ. ಎರಡೂ ನಿಜ!

ಇದು ಗೊತ್ತಿಲ್ಲದೆ ಇರೋದರಿಂದಲೇ ಹುಡುಗರು ಕುಸಿದುಹೋಗೋದು. ಅವರ ಕಣ್ಣ ಮುಂದೆ ಇರೋದು ಜಾಹೀರಾತಿನ ಎರಡು ಫೋಟೋ. ಎಡಕ್ಕೆ ಬೆಟ್ಟ, ಬಲಕ್ಕೆ ಬಿದಿರು. ‘ನಾನು ಬಿದಿರು ಆದ ದಿನ ಓಡ್ತೀನಿ’ ಅಂತ ಕೂತರೆ ಆ ದಿನ ಬಾರದೇ ಹೋಗಬಹುದು. ಅಷ್ಟರಲ್ಲಿ ಆಪರೇಷನ್ ಕೊಟ್ಟ ಆ ಒಂದೂವರೆ ವರ್ಷದ ಮುಹೂರ್ತವೂ ಕಳೆದುಹೋಗಿರುತ್ತೆ.

ಹಾಗಂತ ಆಸ್ಪತ್ರೆ ಬಾಗಿಲಿಂದಲೇ ಓಟ ಕಿತ್ತರೆ ಆದೀತೇ? ನನಗೆ ಆಪರೇಷನ್ ಆದ ದಿನ ಸಾಯಂಕಾಲವೇ ನರ್ಸಮ್ಮ ಬಂದು ‘ಏಳಿ, ನಡೀರಿ’ ಅಂದರು. ಡ್ರಿಪ್ಪಿನ ಕಂಬ ತಳ್ಳಿಕೊಂಡು ಕಾರಿಡಾರಿನಲ್ಲಿ ಮೂರು ಸುತ್ತು. ಅದೇ ಮೊದಲ ಟ್ರೇನಿಂಗು. ಎರಡು ವಾರ ಬರೀ ತಿಳಿ, ಮಜ್ಜಿಗೆ, ಗಂಜಿ. ಆಮೇಲೆ ಮಗುವಿಗೆ ತಿನ್ನಿಸುವ ಹಾಗೆ ನುಣ್ಣಗೆ ಅರೆದದ್ದು. ಆಮೇಲೆ ಮೆತ್ತನೆಯದು. ಆರು ವಾರ ಭಾರ ಎತ್ತಬೇಡಿ ಅಂದಿದ್ದರು. ಆರು ತಿಂಗಳು ಬರೀ ನಡಿಗೆ. ಹತ್ತು ನಿಮಿಷದಿಂದ ಶುರುವಾಗಿ ಮುಕ್ಕಾಲು ಗಂಟೆ.

ನಡಿಗೆ ಒಗ್ಗಿದ ಮೇಲೆ ಓಟದ ಮಾತು ಎತ್ತಿದೆ ನೋಡಿ, ನಮ್ಮ ಟೀ ಅಂಗಡಿಯಲ್ಲಿ ಸಭೆ ಸೇರಿಬಿಡ್ತು. ಮೊದಲು ಬಂದ ಹೆಸರು ಅಪ್ಪು ಅವರದು. ‘ಅಷ್ಟು ಕಟ್ಟುಮಸ್ತಾಗಿದ್ದ ಪುನೀತಣ್ಣನೇ ವರ್ಕೌಟ್ ಮಾಡ್ಕೊಂಡು ಬಂದು ಹೋಗ್ಬಿಟ್ರು, ನೀವ್ಯಾವ ಲೆಕ್ಕ ಸಾರ್?’ 2021ರ ಅಕ್ಟೋಬರ್ 29. ವಯಸ್ಸು 46. ಆ ದಿನವನ್ನು ನಮ್ಮ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ಅದಾದ ಮೇಲೆ ಜಯದೇವ ಆಸ್ಪತ್ರೆಯಲ್ಲಿ ಎದೆ ಪರೀಕ್ಷೆಗೆ ಹುಡುಗರ ಸಾಲು ನಿಂತದ್ದೂ ನಿಜ. ಅವರ ಸಾವನ್ನು ಹಿಡಕೊಂಡು ಪಾಠ ಕೊರೆಯೋಕೆ ನನಗೆ ಮನಸ್ಸಿಲ್ಲ. ಆ ಸಾಲು ನಿಂತದ್ದು ಮಾತ್ರ ಸರಿ ಅಂತ ನನ್ನ ಅಭಿಪ್ರಾಯ. ನಾನೂ ಸಾಲಿನಲ್ಲಿ ನಿಂತೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಪರೀಕ್ಷೆ, ರಕ್ತದಲ್ಲಿ ಕಬ್ಬಿಣ, ಬಿ12, ಡಿ. ಎಲ್ಲಾ ನೋಡಿ ಡಾಕ್ಟರು ‘ಓಡಿ, ಆದರೆ ಮಾತಾಡೋಕೆ ಆಗುವಷ್ಟು ನಿಧಾನಕ್ಕೆ ಓಡಿ’ ಅಂದರು. ಓಡುವಾಗ ಎದೆ ಹಿಂಡಿದ ಹಾಗಾದರೆ, ಕಣ್ಣು ಕತ್ತಲೆ ಬಂದರೆ, ಅಲ್ಲೇ ನಿಲ್ಲಬೇಕು, ಮತ್ತೆ ಅವರ ಹತ್ತಿರ ಹೋಗಬೇಕು. ಇದರಲ್ಲಿ ಹೀರೋಗಿರಿ ಇಲ್ಲ.

ರಾಜಾಜಿನಗರದ ನಮ್ಮ ಮನೆ ಹತ್ತಿರ ಒಂದು ಶಾಲೆಯ ಮಣ್ಣಿನ ಮೈದಾನ ಇದೆ. 2023ರ ಸೆಪ್ಟೆಂಬರ್. ಬೆಳಿಗ್ಗೆ ಐದು ಗಂಟೆ, ಇನ್ನೂ ಕತ್ತಲೆ. ಅಷ್ಟು ಬೇಗ ಯಾಕೆ ಅಂತ ಕೇಳ್ತೀರಾ? ಯಾರೂ ನೋಡಬಾರದು ಅಂತ, ಇನ್ಯಾಕೆ! ತೂಕ 106. ಒಂದರ ಮೇಲೊಂದು ಎರಡು ಬನಿಯನ್ನು, ಕಪ್ಪು ಟ್ರ್ಯಾಕ್ ಪ್ಯಾಂಟು. ಅಮೆರಿಕದ ಜಾಷ್ ಕ್ಲಾರ್ಕ್ ಅನ್ನುವವರು 1996ರಲ್ಲಿ ಮಾಡಿದ ಒಂದು ಕ್ರಮ ಇದೆ, ಸೋಫಾದಿಂದ ಎದ್ದವನು ಒಂಬತ್ತು ವಾರದಲ್ಲಿ ಐದು ಕಿ.ಮೀ. ಓಡುವ ಹಾಗೆ. ಮೊದಲ ವಾರದ ಪಾಠ ಎಷ್ಟು ಗೊತ್ತೇ? 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಮತ್ತೆ 60, ಮತ್ತೆ 90. ಒಟ್ಟು ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ.

ಅರವತ್ತು ಸೆಕೆಂಡು! ಟಾಕೀಸಿನಲ್ಲಿ ಅದು ಏನೂ ಅಲ್ಲ. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಫ್ರೇಮು ಓಡುತ್ತಿತ್ತು, ಅಂದರೆ ನಿಮಿಷಕ್ಕೆ 90 ಅಡಿ. ಈಗ ಎಲ್ಲಾ ಡಿಜಿಟಲ್ ಆಗಿ ಪ್ರೊಜೆಕ್ಟರಿನ ಆ ಕಟಕಟ ಸದ್ದೂ ಹೋಯಿತು, ರೀಲು ಹೊತ್ತು ಸೈಕಲ್ಲಿನಲ್ಲಿ ಒಂದು ಟಾಕೀಸಿನಿಂದ ಇನ್ನೊಂದಕ್ಕೆ ಓಡುತ್ತಿದ್ದ ಹುಡುಗರೂ ಹೋದರು, ಇರಲಿ. ತೊಂಬತ್ತು ಅಡಿ ಫಿಲ್ಮಿನಲ್ಲಿ ನಾಯಕಿ ಮೆಟ್ಟಿಲು ಇಳಿದು ಬಂದು ಒಮ್ಮೆ ತಿರುಗಿ ನೋಡೋದಿಲ್ಲ, ಅಷ್ಟರೊಳಗೆ ಮುಗಿದುಹೋಗುತ್ತೆ. ಆದರೆ ಆ ದಿನ ಆ ತೊಂಬತ್ತು ಅಡಿ ನನಗೆ ಮುಗಿಯಲೇ ಇಲ್ಲ. ಹತ್ತನೇ ಸೆಕೆಂಡಿಗೆ ಉಸಿರು ಗಂಟಲಿಗೆ ಬಂತು. ಇಪ್ಪತ್ತಕ್ಕೆ ಇನ್ನೊಂದು ವಿಷಯ ಗೊತ್ತಾಯಿತು, ಯಾರೂ ಇದನ್ನು ಮೊದಲೇ ಹೇಳೋದಿಲ್ಲ, ಅದಕ್ಕೇ ನಾನು ಹೇಳ್ತೀನಿ: ಕೊಬ್ಬು ಹೋದರೂ ಚರ್ಮ ಹೋಗಿರೋದಿಲ್ಲ. ಹೊಟ್ಟೆಯ ಕೆಳಗೆ, ತೋಳಿನಲ್ಲಿ, ತೊಡೆಯಲ್ಲಿ ಜೋತುಬಿದ್ದಿರುತ್ತೆ. ಓಡಿದಾಗ ಅದು ಪಟಪಟ ಬಡಿಯುತ್ತೆ. ನಾನು ಬಲಗಾಲು ಇಟ್ಟರೆ ಅದು ಅರ್ಧ ಸೆಕೆಂಡು ತಡವಾಗಿ ಇಡುತ್ತೆ! ಡಬ್ಬಿಂಗ್ ಸರಿಯಾಗದ ಚಿತ್ರದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುತ್ತಲ್ಲ, ಹಾಗೆ.

ಮೂರನೇ ಸಲ ಓಡುವಷ್ಟರಲ್ಲಿ ಶಾಲೆಯ ವಾಚ್‌ಮನ್ ತಾತ ಎದ್ದು ಟಾರ್ಚು ಬಿಟ್ಟ.

‘ಯಾಕ್ ಸಾಮಿ, ಯಾರಾರಾ ಅಟ್ಟುಸ್ಕಂಡ್ ಬತ್ತಾವ್ರಾ?’

‘ಇಲ್ಲ ತಾತಾ, ಸುಮ್ನೆ ಓಡ್ತಿದೀನಿ.’

‘ಸುಮ್ನೆ ಯಾರ್ ಓಡ್ತಾರೆ?’ ಅಂತ ಟಾರ್ಚು ಆರಿಸದೆ ಹಾಗೇ ನಿಂತ. ಎಂಟನೇ ಸಲದವರೆಗೂ ಆ ಬೆಳಕು ನನ್ನ ಮೇಲೇ ಇತ್ತು. ನಲವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ಸ್ಪಾಟ್‌ಲೈಟು!

ಒಂದು ವಾರದ ಆ ಪಾಠಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಒಂಬತ್ತು ವಾರದ ಕ್ರಮ ಮುಗಿಯೋಕೆ ಹತ್ತಿರ ಹತ್ತಿರ ಒಂದೂಕಾಲು ವರ್ಷ. ಮಂಡಿಯ ವಿಷಯ ಎಲ್ಲರೂ ಹೆದರಿಸ್ತಾರೆ, ಹೆದರಿಕೆಗೆ ಕಾರಣ ಇಲ್ಲದೆ ಇಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಎರಡು ಮೂರು ಪಟ್ಟು ಜೋರಿನಲ್ಲಿ ತಿರುಗಿ ಒದೆಯುತ್ತೆ. ನೂರು ಕೆ.ಜಿ. ಮನುಷ್ಯನಿಗೆ ಅದೆಷ್ಟು ಅಂತ ನೀವೇ ಲೆಕ್ಕ ಹಾಕಿ. ಆದರೆ ಇದೇ ಲೆಕ್ಕ ನಮ್ಮ ಪರವಾಗಿಯೂ ಓಡುತ್ತೆ. ಮಂಡಿನೋವಿದ್ದ ದಪ್ಪ ಮಂದಿಯ ಮೇಲೆ ಅಮೆರಿಕದಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಕೆ.ಜಿ. ಇಳಿದರೆ ನಡೆಯುವಾಗ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತೆ ಅಂತ ಕಂಡುಬಂತು. 131ರಿಂದ 104ಕ್ಕೆ ಬಂದ ಹೊಳೆನರಸೀಪುರದವರೇ, ನಿಮ್ಮ ಮಂಡಿಯ ಮೇಲಿಂದ ಹೆಜ್ಜೆಗೆ ನೂರು ಕೆ.ಜಿ. ಮೂಟೆ ಇಳಿದಿದೆ! ನಿಮಗೆ ಬೆಳಿಗ್ಗೆ ಎದ್ದರೆ ಓಡಬೇಕು ಅನ್ನಿಸ್ತಿರೋದು ಸುಮ್ಮನೆ ಅಲ್ಲ.

ಆ ಮಂಡಿಗೆ ಮರ್ಯಾದೆ ಕೊಡಿ. ಕಾಂಕ್ರೀಟ್ ರೋಡು ಬೇಡ, ಮಣ್ಣಿನ ಮೈದಾನ ಮೇಲು. ಒಂದು ದಿನ ಓಡಿದರೆ ಮರುದಿನ ಬಿಡುವು. ಜೆಫ್ ಗ್ಯಾಲೊವೇ ಅಂತ ಒಬ್ಬರು, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರ 10,000 ಮೀಟರ್ ಓಡಿದವರು. ಓಟದ ನಡುವೆ ಬೇಕೆಂದೇ ನಡೆಯುವ ವಿಧಾನವನ್ನು ಊರಿಗೆಲ್ಲ ಕಲಿಸಿದವರು ಅವರೇ. ಒಲಿಂಪಿಕ್ಸಿಗೆ ಹೋದವರೇ ‘ನಡೀರಿ’ ಅಂದ ಮೇಲೆ ನಿಮ್ಮೂರಿನ ಗೆಳೆಯರು ‘ಅಯ್ಯೋ ನಡೀತಾನೆ’ ಅಂತ ಆಡಿಕೊಂಡರೆ ಏನಾಯಿತು? ತೊಡೆ ತೊಡೆ ಉಜ್ಜಿ ಗಾಯ ಆಗುತ್ತೆ, ನಾಚಿಕೆ ಬೇಡ, ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ. ಒಳಗೆ ಬಿಗಿಯಾದ ಚಡ್ಡಿ ಹಾಕಿ, ಚರ್ಮ ಬಡಿಯೋದು ಅರ್ಧ ನಿಲ್ಲುತ್ತೆ. ಚಿತ್ರತಾರೆ ಹಾಕಿದ ಶೂ ಬೇಡ, ನಿಮ್ಮ ಪಾದದ ಅಗಲಕ್ಕೆ ಸರಿಹೋಗುವ ಶೂ ಬೇಕು.

ನೀರಿನ ವಿಷಯ ನಮ್ಮಂಥ ಆಪರೇಷನ್ ಆದವರಿಗೆ ಬೇರೆಯೇ. ಮಾಮೂಲಿ ಓಟಗಾರ ಓಡಿ ಬಂದು ಗಟಗಟ ಒಂದು ಚೊಂಬು ಎತ್ತುತ್ತಾನೆ. ನಮಗೆ ಆ ಸುಖ ಇಲ್ಲ. ಬಾಳೆಹಣ್ಣಿನಷ್ಟು ಚೀಲದಲ್ಲಿ ಚೊಂಬು ಎಲ್ಲಿ ಹಿಡಿಸುತ್ತೆ? ದಿನವಿಡೀ ಗುಟುಕು ಗುಟುಕಾಗಿ ಕುಡಿದು ಮೊದಲೇ ತುಂಬಿಕೊಂಡಿರಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಡಬೇಕು. ಓಡಿದ ಖುಷಿಯಲ್ಲಿ ಕಬ್ಬಿನ ಹಾಲು ಕುಡಿದೀರಿ ಜೋಕೆ! ಅಷ್ಟು ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಎದೆ ಡವಡವ, ಮೈಯೆಲ್ಲ ಬೆವರು, ತಲೆ ಸುತ್ತು ಬರಬಹುದು. ಡಂಪಿಂಗ್ ಅಂತಾರೆ ಇದಕ್ಕೆ. ಬೈಪಾಸ್ ಮಾಡಿಸಿಕೊಂಡವರಿಗೆ ಹೆಚ್ಚು, ಸ್ಲೀವ್‌ನವರಿಗೂ ಉಂಟು. ಇನ್ನು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೇ ಬೇಕು, ಮೊಟ್ಟೆಯೋ ಮೀನೋ ಬೇಳೆಯೋ ಪನೀರೋ. ಇಲ್ಲದೇ ಹೋದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ, ಓಡೋಕೆ ಕಾಲೇ ಉಳಿಯೋದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನು... ಇವು ಬದುಕಿರೋವರೆಗೂ. ‘ತೂಕ ಇಳೀತಲ್ಲ, ಇನ್ಯಾಕೆ ಗುಳಿಗೆ’ ಅಂತ ನಿಲ್ಲಿಸಿ ಮೆಟ್ಟಿಲ ಮೇಲೆ ಕುಸಿದವರನ್ನು ನಾನೇ ನೋಡಿದ್ದೇನೆ.

ಈಗ ಮುಖ್ಯ ಪ್ರಶ್ನೆ. ಓಡಿದರೆ ಎಷ್ಟು ಇಳಿಯುತ್ತೆ? ಎಲ್ಲರೂ ಕೇಳೋದು ಇದನ್ನೇ. ಲೆಕ್ಕ ಸುಲಭ. ನೂರು ಕೆ.ಜಿ. ಮನುಷ್ಯ ಒಂದು ಕಿ.ಮೀ. ಓಡಿದರೆ ಸುಮಾರು ನೂರು ಕ್ಯಾಲೊರಿ. ಮೂರು ಕಿ.ಮೀ. ಓಡಿ ಬಂದು ಒಂದು ಮಸಾಲೆ ದೋಸೆ ತಿಂದರೆ ಲೆಕ್ಕ ಚುಕ್ತಾ. ಬರೀ ತೂಕ ಇಳಿಸೋಕೆ ಓಡೋದಾದರೆ ಅದರಂಥ ನಷ್ಟದ ವ್ಯಾಪಾರ ಇನ್ನೊಂದಿಲ್ಲ.

ಹಾಗಾದರೆ ಯಾಕೆ ಓಡಬೇಕು ಸ್ವಾಮಿ? ಹೇಳ್ತೀನಿ ಕೇಳಿ.

138 ಕೆ.ಜಿ. ಇದ್ದ ಕಾಲದಲ್ಲಿ ಟಾಕೀಸಿನ ಕುರ್ಚಿಯಲ್ಲಿ ನಾನು ಹಿಡಿಸುತ್ತಿರಲಿಲ್ಲ. ಸಿನಿಮಾ ಬರೆದು ಹೊಟ್ಟೆ ಹೊರೆಯುವವನು ಸಿನಿಮಾ ನೋಡಲು ಕೂರೋಕೆ ಜಾಗ ಇಲ್ಲ! ಎರಡು ಕೈಹಿಡಿಗಳ ನಡುವೆ ಸಿಕ್ಕಿಕೊಂಡು, ಇಂಟರ್ವಲ್‌ನಲ್ಲಿ ಎದ್ದರೆ ಕುರ್ಚಿಯೂ ಜೊತೆಗೇ ಏಳುತ್ತಿತ್ತು. ಒಂದು ಟಾಕೀಸಿನಲ್ಲಿ ಗೇಟಿನವನು ‘ನಿಮಗೆ ಎರಡು ಟಿಕೆಟ್ಟು ಬೇಕಾಗುತ್ತೆ ಸಾರ್’ ಅಂದ, ಹಿಂದಿನ ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಕೆಮ್ಮಣ್ಣುಗುಂಡಿಯಲ್ಲಿ ಒಂದು ಚಿತ್ರೀಕರಣ. ಯೂನಿಟ್ಟೆಲ್ಲ ಗುಡ್ಡದ ಮೇಲೆ, ನಾನು ಕೆಳಗೆ ವ್ಯಾನಿನಲ್ಲಿ. ಮೇಲಿನಿಂದ ಹಾಡಿನ ಪ್ಲೇಬ್ಯಾಕು ಕೇಳಿಸುತ್ತಿತ್ತು, ‘ಕಟ್!’ ಅನ್ನೋದು ಕೇಳಿಸುತ್ತಿತ್ತು. ಎರಡು ದಿನ ನಾನು ಆ ಸಿನಿಮಾವನ್ನು ರೇಡಿಯೋ ಹಾಗೆ ಕೇಳಿದೆ. ಸಂಜೆ ಇಳಿದು ಬಂದ ಲೈಟ್ ಬಾಯ್ ಒಬ್ಬ ಪಾಪ, ಕರುಣೆಯಿಂದಲೇ, ‘ಸಾರ್, ನಿಮಗೂ ಒಂದು ಕ್ರೇನ್ ತರಿಸಬೇಕಿತ್ತು’ ಅಂದ. ನಾನೂ ನಕ್ಕೆ. ದಪ್ಪಗಿರೋನು ಮೊದಲು ಕಲಿಯೋ ವಿದ್ಯೆ ಅದೇ, ಎಲ್ಲರಿಗಿಂತ ಮುಂಚೆ ತಾನೇ ನಗೋದು.

ಆಪರೇಷನ್ ಆದ ಮೇಲೆ ಎಲ್ಲರೂ ಕೇಳಿದ್ದು ಒಂದೇ. ‘ಎಷ್ಟು ಇಳಿದ್ರಿ?’ ನಿರ್ಮಾಪಕರು ಕೇಳಿದರು, ಕಲಾವಿದರು ಕೇಳಿದರು, ಬ್ಲಾಕಿನಲ್ಲಿ ಟಿಕೆಟ್ ಮಾರುತ್ತಿದ್ದ ಹಳೇ ದೋಸ್ತಿಯೂ ಕೇಳಿದ. ಕಲೆಕ್ಷನ್ ರಿಪೋರ್ಟು ಕೇಳೋ ಹಾಗೆ! ಮೊದಲ ವಾರ ಇಷ್ಟು, ಎರಡನೇ ವಾರ ಇಷ್ಟು. ಕಲೆಕ್ಷನ್ ಚೆನ್ನಾಗಿದ್ದಾಗ ಹೇಳೋಕೂ ಚಂದ. ಆಮೇಲೆ ಬಂತು ನೋಡಿ, 2024ರ ಆಗಸ್ಟು. ತೂಕದ ಯಂತ್ರ 93ರಲ್ಲಿ ಕೂತುಬಿಡ್ತು. ಸೆಪ್ಟೆಂಬರ್ 93. ಅಕ್ಟೋಬರ್ 93. ದಸರಾ ಹೋಯಿತು, ದೀಪಾವಳಿ ಹೋಯಿತು, ಡಿಸೆಂಬರ್ ಕೊನೆಗೂ 93. ಕೇಳುವವರ ಮುಖದಲ್ಲಿ ‘ಓ, ಅಷ್ಟೇನಾ?’ ಅನ್ನೋದು ಕಾಣಿಸ್ತಾ ಇತ್ತು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಜೊತೆ ಕೂರುತ್ತಿದ್ದ, ನನ್ನ ಹಾಗೇ ಆಪರೇಷನ್ ಆದ ಒಬ್ಬ ಹುಡುಗ ಇದೇ ಹಂತದಲ್ಲಿ ಯಂತ್ರವನ್ನು ಎತ್ತಿ ಮೋರಿಗೆ ಹಾಕಿದ. ಆಮೇಲೆ ಡಾಕ್ಟರ ಹತ್ತಿರ ಬರೋದನ್ನೂ ನಿಲ್ಲಿಸಿದ. ಅವನ ಹತ್ತಿರ ಇದ್ದದ್ದು ಅದೊಂದೇ ಅಳತೆ, ಅದೂ ಕೈಕೊಟ್ಟಿತ್ತು.

ನನ್ನ ಹತ್ತಿರ ಇನ್ನೊಂದು ಇತ್ತು. ಅದೇ ಐದು ತಿಂಗಳಲ್ಲಿ ನಿಲ್ಲದೆ ಓಡುವ ದೂರ 2 ಕಿ.ಮೀ.ನಿಂದ 5 ಕಿ.ಮೀ.ಗೆ ಹೋಯಿತು. ಯಂತ್ರ 93 ಅಂತ ಮೊಂಡು ಹಿಡಿದಾಗ ಮೈದಾನ ಬೇರೆ ಲೆಕ್ಕ ಹೇಳ್ತಿತ್ತು. ಐದು ಕಿ.ಮೀ.ಗೆ 46 ನಿಮಿಷ ಹಿಡೀತು. ನಮ್ಮ ಮೈದಾನಕ್ಕೆ ಬರುವ ಅಜ್ಜಿಯೊಬ್ಬರು ಬಿರಬಿರನೆ ನಡೆದೇ ನನಗೆ ಪೈಪೋಟಿ ಕೊಡ್ತಾರೆ, ಅದು ಬೇರೆ ಮಾತು! ಮೊನ್ನೆ ಒಂದು ಚಿತ್ರೀಕರಣಕ್ಕೆ ಚಿಕ್ಕಮಗಳೂರಿನ ಕಡೆ ಹೋಗಿದ್ದೆ. ಗುಡ್ಡ ಹತ್ತಿ ಕ್ಯಾಮೆರಾದ ಪಕ್ಕ ನಿಂತುಕೊಂಡೆ. ಅಲ್ಲಿ ನೋಡಿದ್ದನ್ನು ಮುಂದಿನ ವಾರ ಬರೀತೀನಿ.

ಹೊರಗಿನ ಉದಾಹರಣೆ ಬೇಕೇ? 1986ರ ವಿಶ್ವಕಪ್ ಗೆದ್ದುಕೊಟ್ಟ ಮರಡೋನಾ 2005ರಲ್ಲಿ ಕೊಲಂಬಿಯಾದಲ್ಲಿ ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡರು. ಚೆಂಡಿನ ದೇವರಿಗೂ ಮೈ ಭಾರ ಆಗಿತ್ತು. ನನಗೆ ಅವರಿಗಿಂತ ಹತ್ತಿರದವರು ಅನ್ನಿಸೋದು ಅಮೆರಿಕದ ಟಿ.ವಿ.ಯಲ್ಲಿ ಹವಾಮಾನ ಹೇಳುವ ಅಲ್ ರೋಕರ್. 2002ರಲ್ಲಿ ಬೈಪಾಸ್ ಆಯಿತು. 2010ರ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದರು, 42 ಕಿ.ಮೀ. ಎಷ್ಟು ಹೊತ್ತು ಹಿಡೀತು ಅಂತೀರಿ? ಏಳು ಗಂಟೆಗೂ ಮೇಲೆ! ಅಷ್ಟು ಹೊತ್ತಿನಲ್ಲಿ ನಾವು ಮೂರು ಷೋ ನೋಡಿ ಬರಬಹುದು. ಗೆದ್ದವನು ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಎದ್ದಿರಬೇಕು. ಆದರೂ ಮುಗಿಸಿದರಲ್ಲ!

ಆಡಿಕೊಳ್ಳುವವರ ವಿಷಯ ಉಳೀತು. ನನ್ನ ಮೈದಾನದಲ್ಲಿ ಕ್ರಿಕೆಟ್ ಆಡೋಕೆ ಬರುವ ಹುಡುಗರು ಮೊದಲ ತಿಂಗಳು ದಿನಾ ‘ಅಂಕಲ್, ಬಸ್ ಮಿಸ್ಸಾಯ್ತಾ?’ ಅಂತ ಕೂಗುತ್ತಿದ್ದರು. ಎರಡನೇ ತಿಂಗಳು ವಾರಕ್ಕೊಮ್ಮೆ. ಮೂರನೇ ತಿಂಗಳು ಒಂದು ದಿನ ನಾನು ಹೋಗಲಿಲ್ಲ, ಕೆಮ್ಮು. ಮರುದಿನ ಅವರಲ್ಲೇ ಒಬ್ಬ ‘ನಿನ್ನೆ ಯಾಕ್ ಬರ್ಲಿಲ್ಲ ಅಂಕಲ್?’ ಅಂತ ಕೇಳಿದ. ಅವರು ಮಾರ್ಪಾಡಾದರು ಅಂತ ನಾನು ಹೇಳೋದಿಲ್ಲ. ಒಂದೇ ಚಿತ್ರ ಎಷ್ಟು ಸಲ ನೋಡಿ ನಗ್ತಾರೆ? ಬೇಜಾರಾಯಿತು, ಅಷ್ಟೆ. ನಿಮ್ಮ ಗೆಳೆಯರಿಗೂ ಬೇಜಾರಾಗುತ್ತೆ, ಮೂರು ತಿಂಗಳು ಕೊಡಿ.

ಹೊಳೆನರಸೀಪುರದ ಮಿತ್ರರೆ, ಮೊದಲು ನಿಮ್ಮ ಆಪರೇಷನ್ ಮಾಡಿದ ಡಾಕ್ಟರಿಗೆ ಈ ಅಂಕಣ ತೋರಿಸಬೇಡಿ, ನಿಮ್ಮ ಎದೆ ತೋರಿಸಿ. ಅವರು ಹೂಂ ಅಂದರೆ ಮಣ್ಣಿನ ಮೈದಾನ ಹುಡುಕಿ. ಅರವತ್ತು ಸೆಕೆಂಡಿನಿಂದ ಶುರು ಮಾಡಿ, ತೊಂಬತ್ತು ಅಡಿ ಫಿಲ್ಮು, ಅದಕ್ಕಿಂತ ಒಂದು ಅಡಿ ಹೆಚ್ಚು ಬೇಡ. ಹೇಗಾಯಿತು ಅಂತ ಕಾಗದ ಬರೆಯಿರಿ, ಹೆಸರು ಹಾಕೋದಿಲ್ಲ. ಬೆಳಿಗ್ಗೆ ಐದಕ್ಕೆ ಹೋಗೋದಾದರೆ ಜೇಬಿನಲ್ಲಿ ಎರಡು ಬಿಸ್ಕತ್ತು ಇಟ್ಟುಕೊಳ್ಳಿ. ನಿಮಗಲ್ಲ, ಬೀದಿ ನಾಯಿಗಳಿಗೆ.